ಒಳಗಿನ ಚಿಲಕ

ಮಾರ್ಚ್ ೧೪
ಆಸ್ಪತ್ರೆಯ ಆಯಾಗಳ ಕೋಣೆ, ಮಧ್ಯಾಹ್ನ

ಮುದ್ದಿನ ತಂಗಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೇರೆಯವರಿಗಾದರೆ ‘ಬರೆದಿದ್ದೆ, ಅಂಚೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು’ ಎಂದು ಜಾರಿಕೊಳ್ಳಬಹುದಿತ್ತು. ಅಂಚೆ ಕಚೇರಿಯಲ್ಲೇ ಕೆಲಸ ಮಾಡುವ ತಂಗಿಗೆ ಆ ಸುಳ್ಳು ಹೇಳುವುದು ಹೇಗೆ? ಸೋಮಾರಿತನ ಎಂದೇ ಒಪ್ಪಿಕೊಂಡುಬಿಡುತ್ತೇನೆ.

ಫೋನು ಯಾಕೆ ಮಾಡಲಿಲ್ಲ ಎಂದು ಕೇಳುತ್ತೀ. ನಮ್ಮ ಮನೆ ನಿನಗೆ ಗೊತ್ತಲ್ಲ, ಮುಂದಿನ ಕೋಣೆಯಲ್ಲಿ ನಿಟ್ಟುಸಿರು ಬಿಟ್ಟರೆ ಅಡುಗೆಮನೆಯಿಂದ ‘ಏನಾಯ್ತು?’ ಎನ್ನುತ್ತಾರೆ. ಮಾತೆತ್ತಿದರೆ ವಾದಕ್ಕೆ ನಿಲ್ಲುವ ನನ್ನ ಮಗಳು, ನಮ್ಮ ಲಾಯರಮ್ಮನಂತೂ ದಿನವಿಡೀ ಮನೆಯಲ್ಲೇ. ಗಾಲಿಕುರ್ಚಿಯಲ್ಲಿ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಕೆಟ್ಟುಹೋದ ಫ್ರಿಜ್ಜು, ವಾಷಿಂಗ್ ಮಷೀನುಗಳ ಮಾಲೀಕರನ್ನು ಸಮಾಧಾನ ಮಾಡುವುದು ಅವಳ ಕೆಲಸ. ‘ನಿಮ್ಮ ತೊಂದರೆ ನನಗೆ ಅರ್ಥ ಆಗುತ್ತೆ ಸರ್’ ಎಂದು ಎಷ್ಟು ನಯವಾಗಿ ಹೇಳುತ್ತಾಳೆ ಅಂತೀ! ಅದರಲ್ಲಿ ಒಂದು ಚಮಚ ನಯ ಹೆತ್ತ ತಾಯಿಗೂ ಸಿಕ್ಕಿದ್ದರೆ ನಾನು ಇನ್ನೂ ನಾಲ್ಕು ಕೆಜಿ ದಪ್ಪ ಆಗಿರುತ್ತಿದ್ದೆ. ಅವಳ ವಿಷಯವನ್ನೇ ಅವಳ ಎದುರಿಗೆ ಫೋನಿನಲ್ಲಿ ಹೇಳಲಾಗದೆ ಇಲ್ಲಿ ಊಟದ ಬಿಡುವಿನಲ್ಲಿ ಕೂತು ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ನಮ್ಮ ಬಚ್ಚಲಿಗೆ ಒಳ್ಳೆಯ ಕಾಲ ಬರುವ ಹಾಗಿದೆ. ಕೈಕಾಲಿನ ತೊಂದರೆ ಇರುವವರ ಮನೆಗಳಲ್ಲಿ ಬಾಗಿಲು ಅಗಲ ಮಾಡಿಸಲು, ಹೊಸ್ತಿಲು ತೆಗೆಸಲು, ಗೋಡೆಗೆ ಹಿಡಿಕೆ ಹಾಕಿಸಲು, ಒಡೆದ ನೆಲ ಸರಿಮಾಡಿಸಲು ಸರ್ಕಾರದವರೇ ಖರ್ಚು ಕೊಡುವ ಯೋಜನೆಯೊಂದು ಬಂದಿದೆ. ನಿನ್ನ ಭಾವ ಬಸ್ಸಿನಲ್ಲಿ ಟಿಕೆಟ್ ಹರಿಯುವಾಗ ಯಾರೋ ಪ್ರಯಾಣಿಕರು ಹೇಳಿದರಂತೆ. ಕಂಡಕ್ಟರಿಗೆ ಚಿಲ್ಲರೆ ಸಿಗದಿದ್ದರೂ ಸುದ್ದಿ ಸಿಗುತ್ತದೆ. ಅರ್ಜಿಯ ತಲೆಬರಹದಲ್ಲಿ ‘ವಿಕಲಚೇತನರ ಮನೆ ದುರಸ್ತಿ’ ಎಂದಿತ್ತು. ಅದನ್ನು ಓದಿ ನಮ್ಮ ಲಾಯರಮ್ಮ ಅವರಪ್ಪನಿಗೆ, “ಅಪ್ಪಾ, ನನ್ನ ಚೇತನ ಚೆನ್ನಾಗೇ ಇದೆ. ವಿಕಲ ಆಗಿರೋದು ನಮ್ಮನೆ ಬಚ್ಚಲ ಬಾಗಿಲು,” ಎಂದಳು. ಅವರು ನಕ್ಕು ನಕ್ಕು ಸುಸ್ತಾದರು.

ನಮ್ಮ ಬಚ್ಚಲು ನಿನಗೆ ಹೊಸದಲ್ಲ. ನೀನು ನಮ್ಮ ಜೊತೆ ಇದ್ದಾಗ ನನಗೆ ರಾತ್ರಿಪಾಳಿ ಬಂದರೆ ನೀನೇ ಅವಳಿಗೆ ನೀರು ಹೊಯ್ದವಳು. ಕುರ್ಚಿ ಒಳಗೆ ಹೋಗುವುದಿಲ್ಲ, ಬಾಗಿಲು ಅಷ್ಟು ಇಕ್ಕಟ್ಟು. ಹೊಸ್ತಿಲು ಮೊಣಕಾಲಿಗೆ ಬಡಿಯುವಷ್ಟು ಎತ್ತರ. ಆಚೆ ಒಡೆದ ನೆಲ, ಅದರಲ್ಲಿ ನಿಂತ ನೀರು. ಆಗ ಅವಳು ಪುಟ್ಟವಳು, ಕಂಕುಳಲ್ಲಿ ಎತ್ತಿಕೊಂಡು ದಾಟಿಸುತ್ತಿದ್ದೆವು. ಈಗ ಇಪ್ಪತ್ತಾರರ ಹೆಂಗಸು. ಅವಳು ದೊಡ್ಡವಳಾದ ಮೇಲೆ ಅವರಪ್ಪ ಆ ಕಡೆ ಸುಳಿಯುವುದಿಲ್ಲ. ಇನ್ನು ಉಳಿದವಳು ನಾನೊಬ್ಬಳೇ. ನನಗೆ ಜ್ವರ ಬಂದರೆ ಅವಳಿಗೆ ಸ್ನಾನವಿಲ್ಲ.

ಅರ್ಜಿ ಬರೆಯುವಾಗ ‘ನಿಮಗೆ ಏನು ಬೇಕು’ ಎಂಬ ಜಾಗ ಬಂತು. ಅವಳು ಏನು ಹೇಳುತ್ತಾಳೋ ಎಂದು ನಾನು ಒರಳು ಒರೆಸುತ್ತ ಕಾಯುತ್ತಿದ್ದೆ. “ನನಗೆ ಒಬ್ಬಳೇ ಸ್ನಾನ ಮಾಡಬೇಕು. ಒಳಗಿಂದ ಚಿಲಕ ಹಾಕ್ಕೊಂಡು,” ಎಂದಳು. ನಾನು ತಮಾಷೆ ಮಾಡಿದೆ, “ಯಾಕಮ್ಮ, ನನ್ನ ಕೈಗೇನು ರೋಗ ಬಂದಿದೆ?” ಅವಳು ನಗಲಿಲ್ಲ. “ಅಮ್ಮಾ, ನಾನು ಹುಟ್ಟಿದಾಗಿಂದ ನನ್ನ ಮೈನ ನನಗಿಂತ ಜಾಸ್ತಿ ನೀನೇ ನೋಡಿದೀಯ,” ಎಂದಳು. ಮತ್ತೆ ಒರಳು ಒರೆಸಿದೆ.

ನಿನ್ನೆ ಮನೆ ನೋಡಲು ಇಂಜಿನಿಯರು ಬಂದಿದ್ದ. ಚಿಕ್ಕ ವಯಸ್ಸು, ಕಡ್ಡಿ ಪೈಲ್ವಾನ. ನನಗೆ ಯಾರನ್ನು ಕಂಡರೂ ಮೊದಲು ಹೊಳೆಯುವುದು, ಇವರನ್ನು ಮಂಚದಿಂದ ಎತ್ತುವುದಾದರೆ ಎಲ್ಲಿ ಕೈ ಹಾಕಬೇಕು ಎಂದೇ. ಇವನನ್ನಂತೂ ಒಂದೇ ಕೈಯಲ್ಲಿ ಎತ್ತಬಹುದಿತ್ತು. ಬೆಳಿಗ್ಗೆಯೇ ಎದ್ದು ಬಚ್ಚಲನ್ನು ಕನ್ನಡಿಯ ಹಾಗೆ ತಿಕ್ಕಿಟ್ಟಿದ್ದೆ. ನಿಂತ ನೀರನ್ನೆಲ್ಲ ಬಟ್ಟೆಯಲ್ಲಿ ಹಿಂಡಿ ತೆಗೆದಿದ್ದೆ. ಸರ್ಕಾರದವರು ಬರುವಾಗ ಮನೆ ಗಲೀಜಾಗಿದ್ದರೆ ಮಾನ ಹೋಗುವುದಿಲ್ಲವೇ?

ಅವನು ಬಾಗಿಲು ಅಳೆದ, ಹೊಸ್ತಿಲು ಅಳೆದ. ಆಮೇಲೆ, “ಈಗ ಹೇಗೆ ಒಳಗೆ ಹೋಗ್ತಾರೆ, ಸ್ವಲ್ಪ ತೋರಿಸ್ತೀರಾ?” ಎಂದು ಕೇಳಿದ. ಕೇಳಿದ್ದು ಯಾರನ್ನು? ಇಷ್ಟು ವರ್ಷ ಮೂಳೆ ವಾರ್ಡಿನಲ್ಲಿ ಎಂಥೆಂಥ ಭೀಮನಂಥವರನ್ನು ಹೊರಳಿಸಿ ಕೂರಿಸಿದವಳನ್ನು! ಸೆರಗು ಸಿಕ್ಕಿಸಿಕೊಂಡೆ. ನನ್ನ ಮೊಣಕಾಲು ಅವಳ ಮೊಣಕಾಲಿಗೆ ಒತ್ತಿ, ಅವಳ ಕೈ ನನ್ನ ಕೊರಳಿಗೆ, ನನ್ನ ಕೈ ಅವಳ ಸೊಂಟದ ಪಟ್ಟಿಗೆ, “ಹೂಂ” ಎಂದೆ. ಅವಳು ಗಾಳಿಯಲ್ಲಿ ಬಂದು ಹೊಸ್ತಿಲಿನಾಚೆ ಸ್ಟೂಲಿನ ಮೇಲೆ ಕೂತಳು. ಒಂದು ಚೂರು ಸದ್ದಿಲ್ಲ. ಕಡ್ಡಿ ಪೈಲ್ವಾನ ಬಾಯಿ ಬಿಟ್ಟುಕೊಂಡು ನೋಡಿದ. “ಅಬ್ಬಾ, ಎಷ್ಟು ಸಲೀಸಾಗಿ ಎತ್ತಿಬಿಟ್ರಿ ಅಮ್ಮಾ! ಒಬ್ಬರೇನಾ ದಿನಾ ಎತ್ತೋದು?” ಎಂದ. “ಇವಳನ್ನೇನು, ಬೇಕಾದ್ರೆ ನಿಮ್ಮನ್ನೂ ಎತ್ತಿ ಕೂರಿಸ್ತೀನಿ,” ಎಂದೆ. ಅವನು ನಕ್ಕು, ಟೀ ಕುಡಿದು, ಏನೇನೋ ಬರೆದುಕೊಂಡು ಹೋದ. ಹೋಗುವಾಗ ಕೈಮುಗಿದ.

ನನಗಂತೂ ಕೆಲಸ ಆದ ಹಾಗೆಯೇ ಅನ್ನಿಸಿದೆ. ಇವಳು ಮಾತ್ರ ಅವನು ಹೋದಾಗಿನಿಂದ ಮುಖ ಊದಿಸಿಕೊಂಡಿದ್ದಾಳೆ. ಏನು ಕೇಳಿದರೂ ಹೂಂ, ಉಹೂಂ ಅಷ್ಟೇ. ಕೆಲಸದ ಸುಸ್ತಿರಬೇಕು. ಮಂಜೂರಾದ ಕೂಡಲೇ ತಿಳಿಸುತ್ತೇನೆ. ಮಕ್ಕಳಿಗೆ ನನ್ನ ಮುದ್ದು. ನಿನ್ನ ಮೊಣಕಾಲು ನೋವಿಗೆ ಬಿಸಿನೀರಿನ ಶಾಖ ಕೊಡು, ಮಾತ್ರೆ ನುಂಗುತ್ತಾ ಕೂರಬೇಡ.

ನಿನ್ನ ಅಕ್ಕ

ಮೇ ೨

ಪ್ರೀತಿಯ ತಂಗೀ,

ಆಶೀರ್ವಾದ. ಕ್ಷೇಮ. ಹೆಚ್ಚು ಬರೆಯುವ ಮನಸ್ಸಿಲ್ಲ.

ಅರ್ಜಿ ತಿರಸ್ಕಾರವಾಯಿತು. ಕಾರಣ ಏನು ಗೊತ್ತೇ? ‘ಅರ್ಜಿದಾರರಿಗೆ ಮನೆಯಲ್ಲೇ ನುರಿತ ಸಹಾಯ ದೊರೆಯುತ್ತಿರುವುದರಿಂದ ಸದ್ಯಕ್ಕೆ ಅಗತ್ಯ ಕಂಡುಬರುವುದಿಲ್ಲ.’ ಆ ನುರಿತ ಸಹಾಯ ನಾನೇ ಕಣೇ. ಸರ್ಕಾರದವರು ನನಗೆ ಸರ್ಟಿಫಿಕೇಟು ಕೊಟ್ಟು ನನ್ನ ಮಗಳಿಗೆ ಬಾಗಿಲು ಮುಚ್ಚಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಇಲ್ಲಿ ಅಡ್ಡ ನಿಂತ ಪೂಜಾರಿ ಹೆತ್ತ ತಾಯಿ.

ನಾನು ಆ ಕಚೇರಿಗೇ ಹೋಗಿ ಕಡ್ಡಿ ಪೈಲ್ವಾನನನ್ನು ಹಿಡಿದೆ. ಪಾಪ, ಅವನು ಎದ್ದು ನಿಂತ. “ನಾನು ಕಂಡಿದ್ದನ್ನೇ ಬರೆದೆ ಅಮ್ಮಾ. ಸಹಾಯವೇ ಇಲ್ಲದವರ ಮನೆಗಳು ಎಷ್ಟೋ ಇವೆ, ಮೊದಲು ಅವರಿಗೆ ಕೊಡಬೇಕು ಅಂತ ಮೇಲಿನವರ ಮಾತು. ನಿಮ್ಮನೇಲಿ ಎಲ್ಲಾ ಅಚ್ಚುಕಟ್ಟಾಗಿತ್ತಲ್ಲ,” ಎಂದ. ಅಚ್ಚುಕಟ್ಟು! ಬೆಳಗಿನ ಜಾವ ಎದ್ದು ನಾನೇ ತಿಕ್ಕಿದ ಅಚ್ಚುಕಟ್ಟು. ಅವನನ್ನು ಬೈಯಲು ಹೋದವಳು ಅವನು ಕೊಟ್ಟ ನೀರು ಕುಡಿದು ಬಂದೆ.

ಮನೆಗೆ ಬಂದರೆ ಇವಳು ಕುರ್ಚಿ ತಿರುಗಿಸಿಕೊಂಡು ಕೂತಿದ್ದಳು. “ನಿನಗೆ ಗೊತ್ತಿತ್ತೇನೇ, ಹೀಗಾಗುತ್ತೆ ಅಂತ?” ಎಂದೆ. “ಆವತ್ತೇ ಗೊತ್ತಾಯ್ತು. ಅವರು ನನ್ನ ತೊಂದರೆ ನೋಡಕ್ಕೆ ಬಂದಿದ್ರು. ನೀನು ನಿನ್ನ ಶಕ್ತಿ ತೋರಿಸಿದೆ,” ಎಂದಳು. “ಮತ್ತೇನು, ನಿನ್ನನ್ನ ಬೀಳಿಸಬೇಕಿತ್ತಾ?” ಎಂದೆ. “ಬೀಳಿಸೋದು ಬೇಡ. ನಾನು ಹೇಗೆ ಬೀಳ್ತೀನಿ ಅಂತ ನೋಡಕ್ಕೆ ಬಿಡಬೇಕಿತ್ತು,” ಎಂದಳು. ನನಗೆ ಕೋಪ ನೆತ್ತಿಗೇರಿತು. ಮಗಳನ್ನು ಜೋಪಾನವಾಗಿ ಎತ್ತಿದ್ದೂ ತಪ್ಪಾಯಿತೇ? ಎತ್ತಿ ಎತ್ತಿ ನನ್ನ ಸೊಂಟ ಸವೆದಿದ್ದನ್ನು ಯಾರಿಗೆ ಹೇಳಲಿ? ಹೇಳಬಾರದ್ದನ್ನೆಲ್ಲ ಹೇಳಿದೆ. ಅವಳೂ ಹೇಳಿದಳು. ಬಾಯಿ ಬಿಟ್ಟರೆ ಅಮ್ಮ ಮಗಳಿಬ್ಬರೂ ಒಂದೇ ಅಚ್ಚು ಎಂದು ನಿನ್ನ ಭಾವ ಚಪ್ಪಲಿ ಮೆಟ್ಟಿಕೊಂಡು ಡ್ಯೂಟಿಗೆ ಹೊರಟರು. ಅವತ್ತು ಅವರಿಗೆ ರಜೆ.

ಇದರ ತಮಾಷೆ ಏನು ಗೊತ್ತೇ? ಅಷ್ಟೆಲ್ಲ ಜಗಳವಾಡಿದ ಮೇಲೂ ಮಾರನೆಯ ಬೆಳಿಗ್ಗೆ ಅವಳು ನನ್ನ ಕೊರಳಿಗೆ ಕೈ ಹಾಕಲೇಬೇಕು, ನಾನು ಅವಳನ್ನು ಎತ್ತಲೇಬೇಕು. ಬೇರೆ ಮನೆಗಳಲ್ಲಿ ಮಕ್ಕಳು ಕೋಪ ಬಂದರೆ ಬಾಗಿಲು ದಬ್ಬಿ ಹೋಗುತ್ತಾರೆ. ಇವಳಿಗೆ ಕೋಪ ಮಾಡಿಕೊಳ್ಳುವಷ್ಟು ದೂರವೂ ಇಲ್ಲ. ನೀರು ಹೊಯ್ದೆ, ತಲೆ ಒರೆಸಿದೆ. ಅದು ಅವಳಿಗೆ ಎಷ್ಟು ಕಷ್ಟವಾಗಿರಬಹುದು ಎಂದು ಆವತ್ತು ಮೊದಲ ಸಲ ಅನ್ನಿಸಿತು.

ಈಗ ಅವಳೇ ಕಚೇರಿಗೆ ಫೋನು ಮಾಡಿ, ಆ ನಯವಾದ ದನಿಯಲ್ಲಿ, ಮತ್ತೊಮ್ಮೆ ಬಂದು ನೋಡಬೇಕೆಂದು ಕೇಳಿಕೊಂಡಿದ್ದಾಳೆ. ಬರುತ್ತಾರಂತೆ, ಯಾವಾಗಲೋ ಗೊತ್ತಿಲ್ಲ. ನನಗೆ ಒಂದು ಷರತ್ತು ಹಾಕಿದ್ದಾಳೆ. ಅವರು ಬರುವಾಗ ನಾನು ಮನೆಯಲ್ಲಿ ಇರಕೂಡದು. “ನೀನಿದ್ರೆ ನಿನ್ನ ಕೈ ಸುಮ್ನಿರಲ್ಲಮ್ಮಾ,” ಎಂದಳು. ನನ್ನ ಮನೆಯಿಂದ ನಾನೇ ಹೊರಗೆ! ಆಗಲಿ ಎಂದೆ. ಮನಸ್ಸಿನಲ್ಲಿ ಆಗಲಿ ಎಂದಿಲ್ಲ, ಬಾಯಲ್ಲಿ ಎಂದೆ.

ನೀನು ಅವಳಿಗೊಂದು ಕಾಗದ ಹಾಕು. ನಾನು ಹೇಳಿದೆ ಎನ್ನಬೇಡ.

ನಿನ್ನ ಅಕ್ಕ

ನವೆಂಬರ್ ೨೦

ಮುದ್ದು ತಂಗಿಗೆ ಅಕ್ಕನ ತುಂಬು ಮನಸ್ಸಿನ ಆಶೀರ್ವಾದಗಳು.

ಈ ಸಲದ ತಡಕ್ಕೆ ಸೋಮಾರಿತನ ಕಾರಣವಲ್ಲ. ಮನೆ ತುಂಬ ಸಿಮೆಂಟು, ಮರಳು, ಧೂಳು. ಕಾಗದ ಇಟ್ಟರೆ ಕಾಗದದ ಮೇಲೆ ಧೂಳು, ಅನ್ನ ಇಟ್ಟರೆ ಅನ್ನದ ಮೇಲೆ ಧೂಳು. ಹೌದು ಕಣೇ, ಆಯಿತು! ಬಚ್ಚಲು ಆಯಿತು! ಮೊದಲು ಇದನ್ನು ಬರೆದು ಉಸಿರು ಬಿಡುತ್ತೇನೆ, ಆಮೇಲೆ ಉಳಿದದ್ದು.

ಅವರು ಎರಡನೆಯ ಸಲ ಬಂದದ್ದು ಆಗಸ್ಟಿನಲ್ಲಿ. ಕಡ್ಡಿ ಪೈಲ್ವಾನನ ಜೊತೆ ಅವನ ಮೇಲಧಿಕಾರಿ, ನಡುವಯಸ್ಸಿನ ಹೆಂಗಸು. ಇವಳು ಮಾತಿನಂತೆ ನನ್ನನ್ನು ಹೊರಗೆ ಕಳಿಸಿದಳು. ನಿನ್ನ ಭಾವ ಬಸ್ಸಿನ ಡ್ಯೂಟಿಯಲ್ಲಿದ್ದರು. “ಅಂಗಡಿಗೆ ಹೋಗಿ ಬಾ, ನಿಧಾನಕ್ಕೆ ಬಾ,” ಎಂದಳು. ಕೈಗೆ ಚೀಲ ಬೇರೆ ಕೊಟ್ಟಳು. ಆ ದಿನ ಬಚ್ಚಲನ್ನು ತಿಕ್ಕಲೂ ಬಿಟ್ಟಿರಲಿಲ್ಲ. ನಿಂತ ನೀರು ನಿಂತ ಹಾಗೇ ಇತ್ತು. ಅದನ್ನು ನೋಡಿಕೊಂಡು ಹೊಸ್ತಿಲು ದಾಟುವುದು ನನ್ನಂಥವಳಿಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು.

ಅಂಗಡಿಗೆ ಹೋಗಬೇಕೆಂದೇ ಹೊರಟೆ. ಕಾಲು ಹೋಗಲಿಲ್ಲ. ಸುತ್ತು ಹಾಕಿ ಮನೆಯ ಹಿಂದಿನ ಓಣಿಗೆ ಬಂದು, ಬಚ್ಚಲಿನ ಚಿಕ್ಕ ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಕಳ್ಳಿಯ ಹಾಗೆ, ಸ್ವಂತ ಮನೆಯ ಹಿಂದೆ. ಪಕ್ಕದ ಮನೆಯಾಕೆ ಬಟ್ಟೆ ಒಣಗಿಸಲು ಬಂದು, “ಏನ್ರೀ ಇಲ್ಲಿ?” ಎಂದರು. “ಗಾಳಿ ಚೆನ್ನಾಗಿದೆ,” ಎಂದೆ. ಚರಂಡಿಯ ಪಕ್ಕ ಅದೆಂಥ ಗಾಳಿಯೋ ಎಂದು ಆಕೆ ನನ್ನ ಮುಖವನ್ನೇ ನೋಡಿದರು.

ಒಳಗೆ ಅವರಿಬ್ಬರೂ ಬಾಗಿಲ ಬಳಿ ನಿಂತಿದ್ದರು. ಇವಳು ಕುರ್ಚಿಯಿಂದ ಕೆಳಗಿಳಿದಳು. ಅದು ಗೊತ್ತಾದದ್ದು ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿದ ಸದ್ದಿನಿಂದ. ಆಮೇಲೆ ನೆಲದ ಮೇಲೆ ಕೈ ಊರಿ ಊರಿ ಮೈ ಎಳೆದುಕೊಳ್ಳುವ ಸದ್ದು. ಹೊಸ್ತಿಲಿನ ಹತ್ತಿರ ನಿಂತಿತು. ಏದುಸಿರು. ಮತ್ತೆ ಶುರುವಾಯಿತು. ಕಡ್ಡಿ ಪೈಲ್ವಾನ, “ಸಾಕಮ್ಮಾ, ಗೊತ್ತಾಯ್ತು, ಸಾಕು,” ಎಂದ. ಇವಳು, “ಇಲ್ಲ ಸರ್, ಪೂರ್ತಿ ನೋಡಿ,” ಎಂದಳು. ಆಮೇಲೆ ಜಾರಿದಳು. ಬಕೆಟ್ಟು ಉರುಳಿತು, ಚೊಂಬು ಉರುಳಿತು, ಅವಳು “ಅಮ್ಮಾ” ಎಂದಳು. ಕರೆದದ್ದಲ್ಲ, ನೋವಾದಾಗ ಬಾಯಿಗೆ ಬರುತ್ತದಲ್ಲ, ಹಾಗೆ.

ವಾರ್ಡಿನಲ್ಲಿ ಯಾವ ಮಂಚದಿಂದ ಯಾರು ಬಿದ್ದರೂ ಮೊದಲು ಓಡುವವಳು ನಾನು. ಆವತ್ತು ಓಡಲಿಲ್ಲ. ಚೀಲದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತೆ. ಓಡಿದ್ದರೆ ಮತ್ತೆ ‘ನುರಿತ ಸಹಾಯ’ ಎಂದು ಬರೆದುಬಿಡುತ್ತಿದ್ದರು. ಆಮೇಲೆ ಒಳಗೆ ತುಸು ಹೊತ್ತು ಮಾತುಕತೆ ನಡೆಯಿತು. ಆ ಮೇಲಧಿಕಾರಿಯಮ್ಮನೇ ಕೂತು ಇವಳನ್ನು ಎಬ್ಬಿಸಿದರಂತೆ, ಅವರ ಸೀರೆಯೆಲ್ಲ ಒದ್ದೆಯಂತೆ. ನಾನು ಮನೆಗೆ ಬಂದಾಗ ಅವರು ಹೋಗಿದ್ದರು. ಇವಳ ಮೊಣಕೈ ಸುಲಿದಿತ್ತು. “ಏನು ತಂದೆ ಅಂಗಡಿಯಿಂದ?” ಎಂದಳು. ಖಾಲಿ ಚೀಲ ನೋಡಿ ಇಬ್ಬರಿಗೂ ನಗು ಬಂತು. ಅವಳಿಗೆ ಗೊತ್ತಾಯಿತು, ನಾನು ಎಲ್ಲೂ ಹೋಗಿರಲಿಲ್ಲ ಎಂದು. ಎಷ್ಟು ಕೇಳಿಸಿಕೊಂಡೆ ಎಂದು ಅವಳು ಕೇಳಲಿಲ್ಲ. ಮೊಣಕೈಗೆ ಔಷಧಿ ಹಚ್ಚಿದೆ.

ಮುಂದಿನದೆಲ್ಲ ಸುಸೂತ್ರ. ಮಂಜೂರಾತಿ ಬಂತು, ಮೇಸ್ತ್ರಿ ಬಂದ. ಅವನದೇ ಒಂದು ಕಥೆ. ಗೋಡೆಗೆ ಸ್ಟೀಲಿನ ಹಿಡಿಕೆ ಹಾಕುವಾಗ ನನ್ನನ್ನು ನಿಲ್ಲಿಸಿ, “ಅಮ್ಮಾ, ನಿಮಗೆ ಎಷ್ಟು ಎತ್ತರ ಇರ್ಬೇಕು?” ಎಂದು ಕೇಳಿದ. ನಾನೂ ಪೆದ್ದಿಯ ಹಾಗೆ ಕೈ ಚಾಚಿ ತೋರಿಸಿದೆ, ಅವನು ಗುರುತು ಹಾಕಿದ. ಇವಳು ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತಿದ್ದವಳು, “ಒಂದು ನಿಮಿಷ ಸರ್,” ಎಂದು ಹೆಡ್‌ಫೋನು ತೆಗೆದು, “ಮೇಸ್ತ್ರಿಗಳೇ, ಸ್ನಾನ ಮಾಡೋಳು ನಾನು. ಅಳತೆ ನನ್ನ ಹೆಗಲಿಂದ ತಗೊಳ್ಳಿ,” ಎಂದಳು. ಅವನು ಹಣೆ ಚಚ್ಚಿಕೊಂಡು ಗುರುತು ಅಳಿಸಿದ.

ಈಗ ನೋಡಬೇಕು ನೀನು. ಹೊಸ್ತಿಲೇ ಇಲ್ಲ. ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ಕುರ್ಚಿ ಸೀದಾ ಒಳಗೆ. ಗೋಡೆಗೆ ಮಡಚುವ ಆಸನ, ಎರಡು ಕಡೆ ಹಿಡಿಕೆ. ಕುರ್ಚಿಯಿಂದ ಆಸನಕ್ಕೆ ಹಿಡಿಕೆ ಹಿಡಿದು ಜರುಗಿಕೊಳ್ಳುವುದು, ಅಷ್ಟೇ. ನೀರು ನಿಲ್ಲದ ಹಾಗೆ ನೆಲಕ್ಕೆ ಸಣ್ಣ ಇಳಿಜಾರು. ಚಿಲಕ ಅವಳ ಕೈಗೆ ಎಟುಕುವ ಹಾಗೆ ಕೆಳಗೆ. ಮೊದಲ ದಿನ ಅವಳು ಟವೆಲು, ಸೋಪು, ಬಟ್ಟೆ ಎಲ್ಲ ಮಡಿಲಲ್ಲಿಟ್ಟುಕೊಂಡು ಪ್ರಯಾಣಕ್ಕೆ ಹೊರಟವಳ ಹಾಗೆ ಹೊರಟಳು. ಚಿಲಕ ಹಾಕಿದಳು. ಮತ್ತೆ ತೆಗೆದಳು. ಮತ್ತೆ ಹಾಕಿದಳು. ಸರಿಯಾಗಿ ಬೀಳುತ್ತದೋ ಎಂದು ನೋಡಿದಳೋ, ಆ ಸದ್ದು ಕೇಳಬೇಕೆನಿಸಿತೋ. ಆಮೇಲೆ ಒಳಗೆ ನೀರು, ಹಾಡು, ನೀರು, ಹಾಡು. ಹೊರಗೆ ಬರಲೇ ಇಲ್ಲ. ನಿನ್ನ ಭಾವ, “ಊರಿನ ಟ್ಯಾಂಕಿ ಖಾಲಿ ಆಗುತ್ತೆ, ಕೊನೇ ಸ್ಟಾಪು ಬಂತು, ಇಳೀರಿ,” ಎಂದು ಕೂಗಿದರು. ಕೂಗಿ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಬಂದಾಗ ಅವಳ ಕಿವಿಯ ಹಿಂದೆ ಸೋಪಿನ ನೊರೆ ಹಾಗೇ ಇತ್ತು. ಹೇಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡೆ. ಬೆಳಗಿನ ಹೊತ್ತು ಈಗ ನನಗೆ ಏನೂ ಕೆಲಸವಿಲ್ಲ. ಒಂದು ಲೋಟ ಟೀ ಹಿಡಿದು ಸುಮ್ಮನೆ ಕೂರುತ್ತೇನೆ. ಸೊಂಟಕ್ಕೆ ಆರಾಮ. ಇಷ್ಟು ಖುಷಿ ಕಂಡು ಎಷ್ಟು ವರ್ಷವಾಯಿತೋ ಈ ಮನೆ.

ರಜಾ ಸಿಕ್ಕಿದ ಕೂಡಲೇ ಮಕ್ಕಳನ್ನು ಕರೆದುಕೊಂಡು ಬಾ. ನಿನ್ನ ಮನೆ ತುಂಬಿರಲಿ, ನಿನ್ನ ಮೊಣಕಾಲು ಗಟ್ಟಿಯಾಗಲಿ, ನಿನ್ನ ಮಕ್ಕಳು ನಿನ್ನ ಮಾತು ಕೇಳಲಿ. ಕೇಳದಿದ್ದರೆ ಅದೂ ಒಳ್ಳೆಯದೇ ಎಂದುಕೊ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಬರೆಯಬಾರದು ಎಂದುಕೊಂಡಿದ್ದೆ, ಲಕೋಟೆ ಅಂಟಿಸಲು ಕೈ ಬರಲಿಲ್ಲ. ಆವತ್ತು ಅವಳು ಜಾರಿ ಬಿದ್ದ ಮೇಲೆ ಆ ಮೇಲಧಿಕಾರಿಯಮ್ಮ, “ಇಷ್ಟು ಕಷ್ಟ ಯಾಕಮ್ಮಾ, ಹೇಗೂ ನಿಮ್ಮ ತಾಯಿ ಚೆನ್ನಾಗಿ ನೋಡ್ಕೊಳ್ತಾರಲ್ಲ?” ಎಂದು ಕೇಳಿದರು. ಇವಳು, ಫ್ರಿಜ್ಜಿನವರ ಜೊತೆ ಮಾತಾಡುತ್ತಾಳಲ್ಲ, ಅದೇ ತಣ್ಣನೆಯ ದನಿಯಲ್ಲಿ, “ಹೌದು ಮೇಡಂ, ಅಮ್ಮನಷ್ಟು ಚೆನ್ನಾಗಿ ಯಾರೂ ನೋಡ್ಕೊಳ್ಳಲ್ಲ. ಆದ್ರೆ ಅಮ್ಮ ಸತ್ತ ದಿನ ನನಗೆ ಸ್ನಾನ ಮಾಡಿಸೋರು ಯಾರು? ಆವತ್ತು ನಾನು ಅಮ್ಮನಿಗೋಸ್ಕರ ಅಳ್ಬೇಕಾ, ಇಲ್ಲಾ ಸ್ನಾನಕ್ಕೆ ಜನ ಹುಡುಕ್ಬೇಕಾ?” ಎಂದಳು. ತಂಗೀ, ಆ ಚಿಂತೆ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವಳಿಗೆ ತಿಳಿಯಬಾರದೆಂದು ಇಷ್ಟು ವರ್ಷ ನಗುನಗುತ್ತ ಎತ್ತಿದೆ. ನಾನು ತಲೆಗೆ ನೀರು ಹೊಯ್ಯುವಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿರುತ್ತಿದ್ದಳು. ಸೋಪಿಗೆ ಹೆದರುತ್ತಾಳೆ ಅಂತ ತಿಳಿದಿದ್ದೆ ಕಣೇ.